ಕೆಮ್ಮಿ ಬರುವ ದೆವ್ವ

ನಮ್ಮೂರಿನ ಮನೆಯಲ್ಲಿ ನಡುಮನೆಗೂ ಅಡುಗೆಮನೆಗೂ ನಡುವೆ ಒಂದು ಬಾಗಿಲಿದೆ. ಹಲಸಿನ ಮರದ ಹಳೇ ಬಾಗಿಲು. ದೂಡಿದರೆ ಮೊದಲು ಕಿರ್ರ್ ಅನ್ನುತ್ತದೆ. ಅರ್ಧಕ್ಕೆ ಬಂದು ಉಸಿರು ಹಿಡಿದ ಹಾಗೆ ಸುಮ್ಮನಾಗುತ್ತದೆ. ಆಮೇಲೆ ಕುಂಯ್ ಅಂತ ಉಳಿದದ್ದನ್ನು ಮುಗಿಸುತ್ತದೆ. ಹಗಲು ಇಪ್ಪತ್ತು ಸಲ ತೆಗೆದು ಹಾಕಿದರೂ ಆ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ರಾತ್ರಿ ಹನ್ನೊಂದು ದಾಟಿದ ಮೇಲೆ ಮಾತ್ರ ಅದರ ಗಂಟಲೇ ಬೇರೆ.

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಒಂದು ದೆವ್ವದ ಸಿನಿಮಾ ಹಾಕಿದೆ. ನಾಯಕಿ ಮೋಂಬತ್ತಿ ಹಿಡಿದು ಮಹಡಿ ಹತ್ತುತ್ತಿದ್ದಳು. ಕಿರ್ರ್. ಒಂದು ಕ್ಷಣ ಸುಮ್ಮನೆ. ಆಮೇಲೆ ಕುಂಯ್. ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ಮೊಬೈಲಿನಲ್ಲಿ ಅವಳಿನ್ನೂ ಬಾಗಿಲ ಹತ್ತಿರ ಬಂದೇ ಇರಲಿಲ್ಲ.

"ಇನ್ನೂ ಮಲಗಿಲ್ವೇನೋ?" ಅಂದಳು ಅಮ್ಮ. ನೀರು ಕುಡಿಯಲು ಎದ್ದಿದ್ದಳು.

ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಬಾಗಿಲ ಹತ್ತಿರ ಹೋದೆ. ಅಮ್ಮ ಬಿಡಲಿಲ್ಲ. "ಬೇಡ, ಹಾಗೇ ಇರ್ಲಿ. ಯಾರು ಎದ್ರು, ಯಾರು ಬಂದ್ರು ಅಂತ ಗೊತ್ತಾಗ್ಬೇಡ್ವಾ?"

ದೆವ್ವದ ಮನೆಯ ಬಾಗಿಲಿಗೆ ಯಾರೂ ಯಾಕೆ ಎಣ್ಣೆ ಹಾಕುವುದಿಲ್ಲ ಅಂತ ನನಗೆ ಅರ್ಥವಾಗಿದ್ದು ಆಗಲೇ. ಯಾರು ಬಂದರು ಅಂತ ಗೊತ್ತಾಗಬೇಕಲ್ಲ.

ನನ್ನ ಅಜ್ಜ ಕೆಮ್ಮದೆ ಮನೆಯೊಳಗೆ ಕಾಲಿಟ್ಟವರಲ್ಲ. ಕೆಮ್ಮಿನ ಕಾಯಿಲೆಯೇನೂ ಇರಲಿಲ್ಲ. ಒಳಗೆ ಹೆಂಗಸರು ಸೆರಗು ಸರಿ ಮಾಡಿಕೊಳ್ಳಲಿ, ತಮ್ಮ ಬಗ್ಗೆಯೇ ಮಾತಾಡುತ್ತಿದ್ದರೆ ಮಾತು ಬದಲಿಸಲಿ ಅಂತ ಜಗಲಿಯಲ್ಲೇ ಒಂದು ಸಲ ಕೆಮ್ಮುತ್ತಿದ್ದರು. ಹಳೇ ಸಿನಿಮಾದ ದೆವ್ವಗಳೂ ಹಾಗೇ, ಭಾರಿ ಮರ್ಯಾದಸ್ಥರು. ಮೊದಲು ದೂರದಲ್ಲಿ ನಾಯಿ ಊಳಿಡುತ್ತದೆ. ಗಾಳಿ ಏಳುತ್ತದೆ. ಕಿಟಕಿ ಪಟಪಟ ಬಡಿದುಕೊಳ್ಳುತ್ತದೆ. ಕರೆಂಟು ಹೋಗುತ್ತದೆ. ಆಮೇಲೆ ಗೆಜ್ಜೆ. ಇಷ್ಟೂ ನೋಟೀಸು ಜಾರಿಯಾದ ಮೇಲೇ ಬಿಳಿ ಸೀರೆ ಕಾಣಿಸುವುದು. ನಮ್ಮ ನೆಂಟರಲ್ಲಿ ಎಷ್ಟು ಜನ ಇಷ್ಟು ಮುಂಚೆ ಹೇಳಿ ಬರುತ್ತಾರೆ?

ಈ ಗೆಜ್ಜೆಯ ವಿಷಯ ಸ್ವಲ್ಪ ವಿಚಿತ್ರ. ದೆವ್ವದ ಕಾಲು ನೆಲಕ್ಕೆ ತಾಗುವುದಿಲ್ಲ ಅಂತಾರೆ, ಪಾದ ಹಿಂದುಮುಂದು ಅಂತಲೂ ಅಂತಾರೆ. ಅಂಥ ಕಾಲಿನಲ್ಲೂ ತಾಳ ಮಾತ್ರ ತಪ್ಪುವುದಿಲ್ಲ. 2004ರಲ್ಲಿ 'ಆಪ್ತಮಿತ್ರ' ಬಂದಾಗ ನನ್ನ ತಂಗಿ ಭರತನಾಟ್ಯದ ಕ್ಲಾಸಿಗೆ ಹೋಗುತ್ತಿದ್ದಳು. ಸಂಜೆ ಅವಳು ಗೆಜ್ಜೆ ಕಟ್ಟಿದ್ದೇ ತಡ, ಪಕ್ಕದ ಮನೆಯ ಹುಡುಗ "ನಾಗವಲ್ಲಿ ಬಂದ್ಲೂ" ಅಂತ ಕೂಗುತ್ತಾ ಓಡುತ್ತಿದ್ದ. ಆ ಸಿನಿಮಾದಲ್ಲಿ ಕೊನೆಗೆ ದೆವ್ವವೇ ಇಲ್ಲ, ಎಲ್ಲ ಮನಸ್ಸಿನ ಕಾಯಿಲೆ ಅಂತ ಡಾಕ್ಟರು ಬಿಡಿಸಿ ಹೇಳುತ್ತಾರೆ. ಹುಡುಗನೂ ಅದನ್ನು ನೋಡಿದ್ದ. ಆದರೆ ಗೆಜ್ಜೆ ಕೇಳಿದ ಕಿವಿಗೆ ಡಾಕ್ಟರ ಮಾತು ಹಿಡಿಸಬೇಕಲ್ಲ.

ನಾನು ಹೆದರಿಕೆಯ ಸೀನಿಗೆ ಕಣ್ಣು ಮುಚ್ಚುವ ಪೈಕಿ. ಎಷ್ಟೋ ವರ್ಷ ಅದೇ ಉಪಾಯ ಅಂದುಕೊಂಡಿದ್ದೆ. ಕಣ್ಣು ಮುಚ್ಚಿದರೆ ಹೋಗುವುದು ಚಿತ್ರ ಮಾತ್ರ. ಸದ್ದು ಅಲ್ಲೇ ಇರುತ್ತದೆ, ಚಿತ್ರವನ್ನು ನಾವೇ ಬರೆದುಕೊಳ್ಳುತ್ತೇವೆ, ನಿರ್ದೇಶಕ ತೆಗೆದದ್ದಕ್ಕಿಂತ ಕೆಟ್ಟದಾಗಿ. ಒಮ್ಮೆ ತಿರುಗಾಮುರುಗಾ ಮಾಡಿ ನೋಡಿದೆ. ಕಣ್ಣು ಬಿಟ್ಟುಕೊಂಡು ಟಿವಿ ಮ್ಯೂಟ್ ಮಾಡಿದೆ. ಮುಖಕ್ಕೆ ಹಿಟ್ಟು ಬಳಿದುಕೊಂಡ ಹೆಂಗಸೊಬ್ಬಳು ಬಾಯಿ ತೆರೆದು ನಿಂತಿದ್ದಳು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರ ಹಾಗೆ. ಪಾಪ ಅನ್ನಿಸಿತು.

ಮರ್ಯಾದೆಯಿಂದ ಹೇಳಿ ಬರುವವರ ಪೈಕಿ ನನಗೆ ಅತ್ಯಂತ ಇಷ್ಟವಾದದ್ದು ದೆವ್ವವಲ್ಲ, ಒಂದು ಮೀನು. 1975ರ 'ಜಾಸ್' ಸಿನಿಮಾದ ಶಾರ್ಕು. ಚಿತ್ರೀಕರಣಕ್ಕೆ ಮಾಡಿಸಿದ್ದ ಯಂತ್ರದ ಶಾರ್ಕು ಸಮುದ್ರದ ಉಪ್ಪುನೀರಿನಲ್ಲಿ ಮತ್ತೆ ಮತ್ತೆ ಕೆಟ್ಟು ನಿಲ್ಲುತ್ತಿತ್ತು. ಹಾಗಾಗಿ ನಿರ್ದೇಶಕ ಸ್ಪಿಲ್‌ಬರ್ಗ್ ಅದನ್ನು ತೋರಿಸುವುದನ್ನೇ ಕಡಿಮೆ ಮಾಡಬೇಕಾಯಿತು. ಮೀನಿನ ಬದಲಿಗೆ ಬಂದದ್ದು ಸಂಗೀತ. ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಪಿಯಾನೋದ ಮುಂದೆ ಕೂತು ಎರಡು ಸ್ವರ ನುಡಿಸಿದರಂತೆ. ಡಂ-ಡಂ. ಡಂ-ಡಂ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಸ್ಪಿಲ್‌ಬರ್ಗ್ ನಕ್ಕರಂತೆ. ಆ ಎರಡೇ ಸ್ವರ ದೂರದಿಂದ ಹತ್ತಿರ, ನಿಧಾನದಿಂದ ಜೋರು ಆಗುತ್ತಾ ಹೋದರೆ ನೀರಿನಡಿ ಏನೋ ಬರುತ್ತಿದೆ ಅಂತ ಮೈ ಜುಂ ಅನ್ನುತ್ತದೆ. ಪರದೆಯ ಮೇಲೆ ಇರುವುದು ಬರೀ ನೀರು.

ಅದರಲ್ಲೊಂದು ಜಾಣತನವಿದೆ. ನಡುವೆ ಒಂದು ಕಡೆ ಶಾರ್ಕಿನ ಬೆನ್ನಿನ ರೆಕ್ಕೆ ನೀರಿನ ಮೇಲೆ ಕಾಣಿಸಿ ಜನ ಎದ್ದೆನೋ ಬಿದ್ದೆನೋ ಅಂತ ದಡಕ್ಕೆ ಓಡುತ್ತಾರೆ. ಆಗ ಆ ಸಂಗೀತ ಇರುವುದೇ ಇಲ್ಲ. ನೋಡಿದರೆ ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಕೀಟಲೆ ಮಾಡುತ್ತಿರುತ್ತಾರೆ. ಅಂದರೆ ಸಂಗೀತ ಸುಳ್ಳು ಹೇಳುವುದಿಲ್ಲ, ಡಂ-ಡಂ ಇಲ್ಲದಿದ್ದರೆ ಮೀನೂ ಇಲ್ಲ ಅಂತ ನಾವು ನಂಬಿಬಿಡುತ್ತೇವೆ. ಆಮೇಲೆ ಒಂದು ಮಧ್ಯಾಹ್ನ, ಪೊಲೀಸ್ ಅಧಿಕಾರಿ ಬೇಸರದಿಂದ ಗೊಣಗುತ್ತಾ ದೋಣಿಯಿಂದ ನೀರಿಗೆ ಮೀನಿನ ತುಂಡು ಎಸೆಯುತ್ತಿರುವಾಗ, ಯಾವ ಡಂ-ಡಂ ಇಲ್ಲದೆ, ಅವನ ಬೆನ್ನ ಹಿಂದೆ ಅಷ್ಟಗಲ ಬಾಯಿ ಮೇಲೆದ್ದು ಬರುತ್ತದೆ. ಇಷ್ಟು ದಿನ ಕೆಮ್ಮಿ ಬರುತ್ತಿದ್ದವರು ಒಂದು ದಿನ ಕೆಮ್ಮದೆ ಬಂದ ಹಾಗೆ. ಮೋಸವೇ. ಆದರೆ ಅಂಥ ಮೋಸ ಮಾಡಬೇಕಾದರೆ ಮೊದಲು ಅಷ್ಟು ದಿನ ಕೆಮ್ಮಿರಬೇಕು.

ಈಗಿನವರ ಮೇಲೆ ನನ್ನ ತಕರಾರು ಅದೇ. ಕೆಮ್ಮುವುದೇ ಇಲ್ಲ. ಹತ್ತು ಸೆಕೆಂಡು ಸುಮ್ನೆ ಇದ್ದು, ಢಮ್ ಅಂತ ಕಿವಿ ಹರಿಯುವ ಹಾಗೆ ಬಾರಿಸಿ ಮುಖ ತೋರಿಸುತ್ತಾರೆ. ಅದು ಹೆದರಿಕೆ ಅಲ್ಲ, ಬೆಚ್ಚಿ ಬೀಳುವುದು ಅಷ್ಟೇ. ಹಿಂದಿನಿಂದ ಬಂದು 'ಭೌ' ಅನ್ನುವ ಮೂರನೇ ಕ್ಲಾಸಿನ ಹುಡುಗನೂ ಅದನ್ನೇ ಮಾಡುತ್ತಾನೆ, ಅವನಿಗೆ ನಾವು ಟಿಕೆಟ್ ದುಡ್ಡು ಕೊಡುವುದಿಲ್ಲ.

ಹಾಗಂತ ಬೆಚ್ಚಿ ಬೀಳಿಸುವುದೂ ಹೊಸದೇನಲ್ಲ. 1942ರ 'ಕ್ಯಾಟ್ ಪೀಪಲ್' ಎಂಬ ಕಡಿಮೆ ಖರ್ಚಿನ ಕಪ್ಪು ಬಿಳುಪು ಚಿತ್ರದಲ್ಲಿ ಒಬ್ಬಳು ರಾತ್ರಿ ಪಾರ್ಕಿನ ಗೋಡೆಯ ಪಕ್ಕ ನಡೆದು ಹೋಗುತ್ತಾಳೆ. ಟಕ್ ಟಕ್ ಅಂತ ಅವಳ ಚಪ್ಪಲಿ. ಹಿಂದೆ ಇನ್ನೊಬ್ಬಳ ಟಕ್ ಟಕ್. ಒಂದು ಹಂತದಲ್ಲಿ ಹಿಂದಿನ ಟಕ್ ಟಕ್ ನಿಂತುಹೋಗುತ್ತದೆ. ಸಂಗೀತವೂ ಇಲ್ಲ. ಅವಳು ದೀಪದ ಕಂಬ ಹಿಡಿದು ನಿಂತು ಕಿವಿಗೊಡುತ್ತಾಳೆ. ಆಗ ಕಾಡುಬೆಕ್ಕು ಹಾರಿದ ಹಾಗೆ 'ಫುಸ್ಸ್' ಎಂಬ ಸದ್ದು. ಬಂದದ್ದು ಸಿಟಿ ಬಸ್ಸು! ಸಿನಿಮಾದವರು ಇವತ್ತಿಗೂ ಇಂಥ ಹುಸಿ ಹೆದರಿಕೆಗೆ, ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರಿನಲ್ಲಿ, 'ಲ್ಯೂಟನ್ ಬಸ್' ಅನ್ನುತ್ತಾರೆ. ರಾತ್ರಿ ಕೊನೇ ಬಸ್ಸಿಗೆ ಕಾಯುತ್ತಾ ತೂಕಡಿಸಿ, ಏರ್ ಬ್ರೇಕಿನ ಫುಸ್ಸಿಗೆ ಎದ್ದು ಕೂತವರಿಗೆಲ್ಲ ಇದು ಗೊತ್ತು. ಆದರೆ ಆ ಬಸ್ಸಿಗೆ ಮೊದಲು ಎಷ್ಟೊಂದು ಟಕ್ ಟಕ್ ಇತ್ತು ನೋಡಿ.

ಕಣ್ಣಿಗೆ ಹೆದರಿಸುವ ಪದ್ಧತಿಗಳೂ ಇವೆ. ಮುಖಕ್ಕೆ ಕೆಳಗಿನಿಂದ ಬೆಳಕು ಬಿಡುವುದು ಹಳೇದು. ಸೂರ್ಯನೂ ಟ್ಯೂಬ್‌ಲೈಟೂ ಮೇಲಿಂದಲೇ ಬೆಳಗುವುದರಿಂದ ಕೆಳಗಿನ ಬೆಳಕಿಗೆ ಮುಖದ ನೆರಳೆಲ್ಲ ತಲೆಕೆಳಗಾಗುತ್ತದೆ. ಕರೆಂಟು ಹೋದಾಗ ಗದ್ದದ ಕೆಳಗೆ ಟಾರ್ಚು ಇಟ್ಟುಕೊಂಡು ತಮ್ಮಂದಿರನ್ನು ಅಳಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನನಗೆ ಹೆಚ್ಚು ತಳಮಳವಾಗುವುದು ಇನ್ನೊಂದಕ್ಕೆ. ನಾಯಕಿಯನ್ನು ಪರದೆಯ ಒಂದು ಮೂಲೆಯಲ್ಲಿ ನಿಲ್ಲಿಸಿ ಪಕ್ಕದಲ್ಲಿ ಅಷ್ಟು ಜಾಗ ಖಾಲಿ ಬಿಡುತ್ತಾರಲ್ಲ, ಅದಕ್ಕೆ. ಬಸ್ಸಿನಲ್ಲಿ ಕರ್ಚೀಫು ಹಾಕಿ ಹಿಡಿದಿಟ್ಟ ಸೀಟಿನ ಹಾಗೆ. ಯಾರೋ ಬಂದು ಕೂರುವವರಿದ್ದಾರೆ.

ಈ ಸದ್ದುಗಳನ್ನೆಲ್ಲ ಮಾಡುವುದು ಹೇಗೆ ಅಂತ ತಿಳಿದ ಮೇಲಾದರೂ ಧೈರ್ಯ ಬರಬೇಕಿತ್ತು. 1960ರ 'ಸೈಕೋ'ದಲ್ಲಿ ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂದಿದ್ದರು ನಿರ್ದೇಶಕ ಹಿಚ್‌ಕಾಕ್. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆ ಮಾತು ಕೇಳದೆ ಬರೆದರು, ಹಿಚ್‌ಕಾಕ್ ಕೇಳಿದ ಮೇಲೆ ಒಪ್ಪಿದರು. ಆ ಕೀಚ್ ಕೀಚ್ ಎಲ್ಲ ತಂತಿವಾದ್ಯದ್ದು. ಕಛೇರಿಯಲ್ಲಿ ಪಕ್ಕವಾದ್ಯಕ್ಕೆ ಕೂರುತ್ತದಲ್ಲ, ಅದೇ ಪಿಟೀಲು. ಚಾಕು ಇರಿಯುವ ಸದ್ದು ಕರಬೂಜದಂಥ ಹಣ್ಣಿನದು. ಮೂಳೆ ಮುರಿಯುವ ಸದ್ದಿಗೆ ಹಾಲಿವುಡ್‌ನಲ್ಲಿ ಸೆಲರಿ ಅನ್ನುವ ಸೊಪ್ಪಿನ ದಂಟು ಮುರಿಯುತ್ತಾರಂತೆ. ನಾನು ನುಗ್ಗೇಕಾಯಿ ಮುರಿದು ನೋಡಿದೆ. ಪರವಾಗಿಲ್ಲ, ಮುಂಗೈ ಮಟ್ಟಿಗೆ ಸಾಕು.

ಸಿನಿಮಾಕ್ಕಿಂತ ಮೊದಲೇ ನಮ್ಮ ಕಡೆ ದೆವ್ವ ಕಿವಿಯಿಂದಲೇ ಬರುತ್ತಿತ್ತು. ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಸಲಕ್ಕೇ 'ಓ' ಅನ್ನಬಾರದು, ದೆವ್ವ ಒಂದೇ ಸಲ ಕರೆಯುವುದು ಅಂತ ಅಜ್ಜಿ ಹೇಳುತ್ತಿದ್ದಳು. ತೊಂಬತ್ತರ ದಶಕದಲ್ಲಿ ಮನೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿದ್ದರಲ್ಲ, ಆ ದೆವ್ವವೂ ಬಾಗಿಲು ತಟ್ಟಿ ಪರಿಚಯದವರ ದನಿಯಲ್ಲೇ ಕರೆಯುತ್ತದೆ ಅಂತ ಸುದ್ದಿ. ಅದನ್ನು ಕಂಡವರು ಯಾರೂ ಇರಲಿಲ್ಲ. ಕೇಳಿಸಿಕೊಂಡವರು ಬೀದಿಗೆ ನಾಲ್ಕು ಜನ ಇದ್ದರು.

ಬಾಗಿಲಿನ ಕಥೆ ಮುಗಿದಿಲ್ಲ. ಅಮ್ಮ ಒಂದು ದಿನ ಮದುವೆಗೆ ಅಂತ ಹೋದಾಗ ಸುಮ್ಮನಿರಲಾರದೆ ಕೀಲುಗಳಿಗೆ ಎಣ್ಣೆ ಬಿಟ್ಟೆ. ನಾಲ್ಕು ಸಲ ತೆಗೆದು ಹಾಕಿದೆ. ಬೆಣ್ಣೆಯ ಹಾಗೆ ಜಾರಿತು. ಆ ರಾತ್ರಿ ಸಿನಿಮಾ ಗಿನಿಮಾ ಏನೂ ಇಲ್ಲ, ನಡುಮನೆಯಲ್ಲಿ ಕೂತು ಕರೆಂಟ್ ಬಿಲ್ ಕಟ್ಟುತ್ತಿದ್ದೆ. ಕಿವಿಯ ಪಕ್ಕದಲ್ಲೇ ಒಂದು ದನಿ.

"ಎಷ್ಟು ಬಂತೋ ಈ ಸಲ?"

ನಾನು ಕಿರುಚಿದ್ದಕ್ಕೆ ಆಚೆ ಮನೆಯ ನಾಯಿ ಬೊಗಳಿತು. ಅಮ್ಮ ತಂಬಿಗೆ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು, ಬಾಗಿಲನ್ನು ನೋಡಿದಳು, ಒಂದು ಬೆರಳಿನಲ್ಲಿ ಅದನ್ನು ದೂಡಿ ನೋಡಿದಳು. ಏನೂ ಅನ್ನಲಿಲ್ಲ.

ಈಗ ಊರಿಗೆ ಹೋದಾಗ ರಾತ್ರಿ ನೀರಿಗೆ ಎದ್ದರೆ ಅಮ್ಮ ಬಾಗಿಲ ಹತ್ತಿರ ಬಂದು ಒಂದು ಸಲ ಕೆಮ್ಮುತ್ತಾಳೆ.