ಆಯಿಲ್ ಕುಡಿದರೆ ಇಂಜಿನ್ ಇಳಿಸಲೇಬೇಕು ಅಂತಲ್ಲ

‘ಹಳೇ ಪಿಕಪ್ ಮಿಸ್‌ಫೈರ್ ಆಗ್ತಿದೆ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ತಿಲ್ಲ), ಆಯಿಲೂ ಕುಡೀತಿದೆ ಅಂದ್ರೆ ಪಿಸ್ಟನ್ ರಿಂಗ್ ಸವೆದಿದೆ, ಇಂಜಿನ್ ಇಳಿಸಲೇಬೇಕು’ ಎಂಬ ಮಾತು ಓಡಾಡುತ್ತಿದೆ. ಪೂರ್ತಿ ನಿಜವಲ್ಲ.

ಅಮೆರಿಕದಲ್ಲಿ 2007ರಲ್ಲಿ ಬಂದ ಷೆವರ್ಲೆ ಸಿಲ್ವರಾಡೊ ಪಿಕಪ್ ನೋಡಿ. ಅದರ 5.3 ಲೀಟರ್ ವಿ8 ಇಂಜಿನ್ ಪೆಟ್ರೋಲ್ ಉಳಿಸಲು ಆಗಾಗ 1, 4, 6, 7ನೇ ಸಿಲಿಂಡರ್‌ಗಳನ್ನು ನಿಲ್ಲಿಸುತ್ತದೆ. ಆಗ ಒಳಗೆ ಚಿಮ್ಮುವ ಆಯಿಲ್ ಸಿಲಿಂಡರ್‌ಗೆ ಹತ್ತಿ ರಿಂಗ್ ಕಚ್ಚಿಕೊಳ್ಳುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. ವಾಲ್ವ್ ಕವರ್‌ನ ಪಿಸಿವಿ ದಾರಿಯಿಂದಲೂ (ಇಂಜಿನ್ ಒಳಗಿನ ಆವಿ ಹೊರಹೋಗುವ ದಾರಿ) ಆಯಿಲ್ ಗಾಳಿ ಎಳೆಯುವ ಇನ್‌ಟೇಕ್‌ಗೆ ಹೋಗುತ್ತದೆ. ಕಂಪನಿಯೇ ಆಮೇಲೆ ಆ ಕವರ್ ಬದಲಿಸಿತು, ಚಿಮ್ಮದಂತೆ ಒಂದು ತಗಡೂ ಕೊಟ್ಟಿತು. ಸವೆತ ಎಲ್ಲಿ ಬಂತು ಇಲ್ಲಿ?

ಮೊದಲು ಪ್ಲಗ್ ಬಿಚ್ಚಿ, ಯಾವುದು ಆಯಿಲ್‌ನಿಂದ ಒದ್ದೆ ಅಂತ ನೋಡಿ. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್‌ಗಳನ್ನು ಸಿಲಿಂಡರ್‌ಗಳ ನಡುವೆ ಅದಲುಬದಲು ಮಾಡಿ. ಮಿಸ್‌ಫೈರೂ ಜಾಗ ಬದಲಿಸಿದರೆ ತಪ್ಪು ಕಾಯಿಲ್‌ದೇ. ಟಕಟಕ ಸದ್ದಿದ್ದರೆ ವಾಲ್ವ್ ಎತ್ತುವ ಲಿಫ್ಟರ್ ನೋಡಿಸಿ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಯದೆ ಇಂಜಿನ್ ಇಳಿಸಲು ಸುಮ್ನೆ ಒಪ್ಪಬೇಡಿ.