ಕರೆ ಬಂದಾಗ ಕಾಣುವ ಫೋಟೊ ತೆಗೆಯಲು ನಂಬರ್ ಅಳಿಸಬೇಕಿಲ್ಲ

‘ಕರೆ ಬಂದಾಗ ಪರದೆ ತುಂಬ ಕಾಣುವ ಫೋಟೊ ಹೋಗಬೇಕಾದರೆ ಆ ನಂಬರನ್ನೇ ಅಳಿಸಬೇಕು’ ಎಂಬ ಸಂದೇಶ ಶಿರಸಿ, ಕಾರವಾರ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ದಯವಿಟ್ಟು ಯಾರೂ ಅಳಿಸಬೇಡಿ. ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ, ಉದಾಹರಣೆಗೆ ‘ಸುಬ್ರಾಯಣ್ಣ ವಖಾರಿ’ ಅಂತ ಉಳಿಸಿಕೊಂಡ ಹೆಸರು ತೆರೆದು, ಪೆನ್ಸಿಲ್ ಗುರುತು ಒತ್ತಿ, ಮೇಲಿನ ಫೋಟೊ ಮುಟ್ಟಿ, ‘ರಿಮೂವ್’ ಕೊಟ್ಟು ‘ಸೇವ್’ ಮಾಡಿ. ಸೇವ್ ಮರೆತರೆ ಫೋಟೊ ಅಲ್ಲೇ ಇರುತ್ತದೆ.

ತೆಗೆದ ಮೇಲೂ ಕಂಡರೆ, ಅದೇ ನಂಬರ್ ಎರಡು ಜೀಮೇಲ್ ಖಾತೆಗಳಲ್ಲಿ ಇದೆಯೇ ನೋಡಿ, ಎರಡರಲ್ಲೂ ತೆಗೆಯಬೇಕು. ಟ್ರೂಕಾಲರ್ ತೋರಿಸುವ ಫೋಟೊ ಮಾತ್ರ ಬೇರೆ. ಅದು ಕರೆ ಮಾಡಿದವರು ತಮ್ಮ ಪ್ರೊಫೈಲ್‌ಗೆ ಹಾಕಿಕೊಂಡದ್ದು, ನಿಮ್ಮ ಕಾಂಟ್ಯಾಕ್ಟ್‌ನಲ್ಲಿ ಹುಡುಕಿದರೆ ಸಿಗದು.

ಈಗಾಗಲೇ ನಂಬರ್ ಅಳಿಸಿದ್ದರೆ ಗಾಬರಿ ಬೇಡ. ಗೂಗಲ್ ಖಾತೆಯಲ್ಲಿದ್ದದ್ದು 30 ದಿನ ‘ಟ್ರ್ಯಾಶ್’ನಲ್ಲಿ ಇರುತ್ತದೆ; ಅಲ್ಲಿಂದ ‘ರಿಕವರ್’ ಮಾಡಿಕೊಳ್ಳಿ.