ಕಂತಿನ ಸಾರ್

ನಿನ್ನೆ ಬೆಳಿಗ್ಗೆ ಹಾಲು ತರೋಕೆ ಹೋಗಿದ್ದೆ. ಅರ್ಧ ಲೀಟರಿನ ಎರಡು ಪ್ಯಾಕೆಟ್, ಅಷ್ಟೇ. ಅಂಗಡಿ ಹುಡುಗ ಪ್ಯಾಕೆಟ್ ಕೈಗಿಟ್ಟು, ಒಂಚೂರೂ ನಗದೆ ಕೇಳಿದ: "ಸಾರ್, ಪೂರ್ತಿ ಕೊಡ್ತೀರೋ, ಕಂತ್ನಾಗೋ?"

ಹಿಂದೆ ನಿಂತಿದ್ದ ಇಬ್ಬರು ಕಿಸಕ್ಕೆಂದರು. ಒಬ್ಬರಂತೂ ನನ್ನ ಬೆನ್ನು ತಟ್ಟಿದರು. ಅವರು ಯಾರೋ ನನಗೆ ಗೊತ್ತೇ ಇಲ್ಲ.

ಇಪ್ಪತ್ತೆರಡು ವರ್ಷದಿಂದ ಈ ಬೀದಿಯಲ್ಲಿದ್ದೇನೆ. ಇಲ್ಲಿಯವರೆಗೆ ನನ್ನ ಹೆಸರು 'ಹಸಿರು ಗೇಟಿನ ಸಾರ್'. ಅದೇನು ದೊಡ್ಡ ಬಿರುದಲ್ಲ, ಆದರೆ ಮರ್ಯಾದೆಯದು. ಈ ಗಣಪತಿ ಹಬ್ಬದ ಮೂರನೇ ರಾತ್ರಿ ಅದು ಹೋಗಿ 'ಕಂತಿನ ಸಾರ್' ಆದೆ. ಹೇಗೆ ಅಂತ ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಲ್ಲಿ ಕಂತುಗಳ ಲೆಕ್ಕ ಆಗಲೇ ಏಳಕ್ಕೆ ಮುಟ್ಟಿದೆ.

ನಮ್ಮ ದಾವಣಗೆರೆಯಲ್ಲಿ ಶ್ರಾವಣ ಮುಗಿಯಿತು ಅಂದರೆ ಗೇಟಿನ ಚಿಲಕಕ್ಕೆ ಪುರುಸೊತ್ತಿಲ್ಲ. ಮೊದಲು ಗಣಪತಿ ಪಟ್ಟಿ, ಅಂದರೆ ಚಂದಾ. ಅವನನ್ನು ನೀರಿಗೆ ಬಿಟ್ಟು ಮೈ ಒರೆಸಿಕೊಳ್ಳುವಷ್ಟರಲ್ಲಿ ದಸರಾ. ಆಮೇಲೆ ರಾಜ್ಯೋತ್ಸವ, ಅದರ ಹಿಂದೆಯೇ ಕಾರ್ತಿಕದ ದೀಪೋತ್ಸವ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬೇರೆ. ಆಗ ಪಟ್ಟಿಯವರನ್ನಾದರೂ ಗೇಟಿನಲ್ಲೇ ಮಾತಾಡಿಸಿ ಕಳಿಸಬಹುದು, ನೆಂಟರನ್ನು ಹಾಗೆ ಕಳಿಸೋಕಾಗುತ್ತಾ?

ನಾವಿರುವುದು ಪಿ.ಬಿ. ರಸ್ತೆಯಿಂದ ಒಳಗೆ ಎರಡು ತಿರುವು. ನಾಲ್ಕು ಕ್ರಾಸು, ಮೂರು ಗಣಪತಿ. ಮೊದಲು ಒಂದೇ ಇತ್ತು. ಒಂದು ವರ್ಷ ಡಿಜೆ ಬೇಕೋ ಬೇಡವೋ ಅಂತ ಜಗಳವಾಗಿ ಎರಡಾಯಿತು. ಮರುವರ್ಷ ಫ್ಲೆಕ್ಸಿನಲ್ಲಿ ಯಾರ ಫೋಟೊ ಮೇಲೆ, ಯಾರದು ಕೆಳಗೆ ಅಂತ ಮಾತು ಬೆಳೆದು ಮೂರಾಯಿತು. ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧ ಮಾಡಿದೆ. ಆದರೇನು, ಪಾರ್ವತಿಯ ಮೈಮಣ್ಣಿನಿಂದ ಹುಟ್ಟಿದವನು ನಮ್ಮ ನಾಲ್ಕನೇ ಕ್ರಾಸಿನಲ್ಲಿ ಫ್ಲೆಕ್ಸಿನಿಂದ ಹುಟ್ಟಿದ. 1893ರಲ್ಲಿ ಪುಣೆಯಲ್ಲಿ ತಿಲಕರು ಗಣೇಶೋತ್ಸವವನ್ನು ಬೀದಿಗೆ ತಂದದ್ದು ಜನ ಒಂದಾಗಲಿ ಅಂತ. ಪುಣೆಯಿಂದ ನಮ್ಮ ಬೀದಿಗೆ ಬರುವ ದಾರಿಯಲ್ಲಿ ಆ ಮಾತು ಎಲ್ಲೋ ಬಿದ್ದುಹೋಗಿದೆ.

ನಮ್ಮ ಕ್ರಾಸಿನ ಗಣಪತಿಗೆ ಒಬ್ಬ ಖಜಾಂಚಿ ಇದ್ದಾರೆ. ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಒಳ್ಳೆಯ ಮನುಷ್ಯ. ಮೈಕ್ ಕೈಗೆ ಸಿಗುವವರೆಗೆ ಒಳ್ಳೆಯವರು. ಅಂಗಡಿಯಲ್ಲಿ "ಬೇಳೆ ಎಷ್ಟ್ರೀ?" ಅಂದರೆ ಬೆರಳು ತೋರಿಸಿ ಉತ್ತರ ಕೊಡುವಷ್ಟು ಮೌನಿ. ಮೈಕ್ ಮುಂದೆ ಮಾತ್ರ ಅವರ ಮೇಲೆ ಯಾವುದೋ ನಾಟಕ ಕಂಪನಿಯ ಆತ್ಮ ಬರುತ್ತದೆ. ಚಿಂದೋಡಿ ಲೀಲಾ ಅವರಂಥವರಿದ್ದ ಊರು ನೋಡಿ, ಗಾಳಿಯಲ್ಲೇ ಇರಬೇಕು.

ಪಟ್ಟಿ ಕೊಟ್ಟವರ ಹೆಸರು ಓದುವುದು ಅವರ ಕೆಲಸ. ಅದರಲ್ಲಿ ಅವರದೇ ಒಂದು ದರಪಟ್ಟಿ ಇದೆ. ಇದನ್ನು ಯಾರೂ ನನಗೆ ಹೇಳಿದ್ದಲ್ಲ, ವರ್ಷಾನುಗಟ್ಟಲೆ ಕಿಟಕಿ ಪಕ್ಕ ಮಲಗಿ ನಾನೇ ಕಂಡುಹಿಡಿದದ್ದು. 101 ಕೊಟ್ಟರೆ ಬರೀ ಹೆಸರು, ಅದೂ ಹೋಟೆಲಿನಲ್ಲಿ ಟೋಕನ್ ನಂಬರ್ ಕೂಗಿದ ಹಾಗೆ. 251ಕ್ಕೆ ಹೆಸರಿನ ಹಿಂದೆ 'ಅವರು' ಸೇರುತ್ತದೆ. 501ಕ್ಕೆ ಮುಂದೆ 'ಶ್ರೀಯುತ'. 1,001ಕ್ಕೆ 'ಮಾನ್ಯ'. 2,001ಕ್ಕೆ 'ಸಹೃದಯಿ'. 5,001 ಕೊಟ್ಟರೆ 'ಕೊಡುಗೈ ದಾನಿ, ಬಡವರ ಬಂಧು' ಅಂತ ಶುರುವಾಗಿ, ಹೆಸರು ಬರುವಷ್ಟರಲ್ಲಿ ನಮ್ಮನೆ ಕುಕ್ಕರ್ ಎರಡು ಸೀಟಿ ಹೊಡೆದಿರುತ್ತದೆ. ಹಿಂದಿನ ಬೀದಿಯ ಬಡ್ಡಿ ವ್ಯವಹಾರದವರೊಬ್ಬರು ಹೀಗೆ ಮೂರು ವರ್ಷದಿಂದ ಬಡವರ ಬಂಧು ಆಗಿದ್ದಾರೆ.

ಪ್ರತಿ ಮೊತ್ತದ ಬಾಲಕ್ಕೂ ಒಂದು ಒಂದು ಇರುವುದನ್ನು ಗಮನಿಸಿದಿರಲ್ಲ? ನೂರು ಕೊಟ್ಟರೆ ದೇವರಿಗೆ ಲೆಕ್ಕ ಮುಗಿದ ಹಾಗಂತೆ, ನೂರಾ ಒಂದು ಕೊಟ್ಟರೆ ಮುಂದಕ್ಕೆ ಬೆಳೆಯುತ್ತದಂತೆ. ಬೆಳೆಯುವುದು ಮಾತ್ರ ಪಟ್ಟಿ. ಹೋದ ವರ್ಷ ನಾನು 501 ಕೊಟ್ಟಿದ್ದೆ. ಈ ವರ್ಷ ಹುಡುಗರು ರಸೀದಿ ಪುಸ್ತಕದ ಜೊತೆ ಬಂದವರೇ, "ಸಾರ್, ಎಲ್ಲಾ ರೇಟು ಜಾಸ್ತಿ ಆಗೇತಿ. ಸಾವಿರದ ಒಂದು ಬರೀತೀವ್ರಿ" ಅಂದರು. ಬರೆಯೋಣವೇ ಅಂತ ಕೇಳಲಿಲ್ಲ, ಬರೀತೀವಿ ಅಂದರು. ಹೋದ ವರ್ಷದ ಲೆಕ್ಕ ತೋರಿಸ್ರಪ್ಪಾ ಅಂದೆ. ತೋರಿಸಿದರು. ಮೂರ್ತಿಗೆ ನಾಲ್ಕು ಸಾವಿರ. ಕಮಿಟಿ ಮೀಟಿಂಗಿನ ಮಂಡಕ್ಕಿ, ಮೆಣಸಿನಕಾಯಿ, ಚಾಕ್ಕೆ ನಾಲ್ಕು ಸಾವಿರದ ಮುನ್ನೂರ ಐವತ್ತು.

ಊರಲ್ಲಿ ಮಂಡಕ್ಕಿ ಭಟ್ಟಿ ಹೆಸರಿನ ಬಡಾವಣೆಯೇ ಇರುವಾಗ ಮಂಡಕ್ಕಿ ಇಲ್ಲದೆ ಸಭೆ ನಡೆಯಬೇಕು ಅಂತ ನಾನು ಹೇಳಲಾರೆ. ಆದರೂ ಗಣಪ್ಪನಿಗಿಂತ ಮಂಡಕ್ಕಿ ಜಾಸ್ತಿ ಆಗಬಾರದು, ಅಲ್ವಾ? "ಆಮೇಲೆ ಕೊಡ್ತೀನಿ, ನಡೀರಿ" ಅಂತ ಹುಡುಗರನ್ನು ಕಳಿಸಿದೆ. ಮನಸ್ಸಿನಲ್ಲೇ 251 ಅಂತ ಗೊತ್ತು ಮಾಡಿಕೊಂಡೆ. ಯಾರಿಗೂ ತಿಳಿಯದ ಹಾಗೆ ಸುಮ್ನೆ ಹೋಗಿ ಕೊಟ್ಟು ಬಂದರಾಯಿತು. ಪೆಂಡಾಲಿನ ಕಂಬಕ್ಕೆ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದ್ದನ್ನು ನೋಡಿದ್ದೆ. ಮುಖ ನೋಡದೆ ಕೊಡಬಹುದು, ಮುಖ ತೋರಿಸದೆ ಬರಬಹುದು. ಇಂಥ ಅನುಕೂಲ ಹಿಂದಿನ ಕಾಲದಲ್ಲಿ ಎಲ್ಲಿತ್ತು ಅಂದುಕೊಂಡೆ.

ಈಗ ಡಬ್ಬಿಯ ವಿಷಯ.

ದುಡ್ಡು ಬಂದ ತಕ್ಷಣ "ಇಷ್ಟು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಹೆಣ್ಣು ದನಿಯಲ್ಲಿ ಕೂಗುವ ಡಬ್ಬಿ ಇರುತ್ತದಲ್ಲ, ಎಳನೀರಿನ ಗಾಡಿಯಿಂದ ಹಿಡಿದು ಬೆಣ್ಣೆದೋಸೆ ಹೋಟೆಲಿನ ಗಲ್ಲಾದವರೆಗೆ, ಅದು. ಖಜಾಂಚಿಗಳು ತಮ್ಮ ಕಿರಾಣಿ ಅಂಗಡಿಯದನ್ನೇ ತಂದು ಪೆಂಡಾಲಿನಲ್ಲಿ ಇಟ್ಟಿದ್ದರು. ಎಲ್ಲಿ? ಮೈಕ್ ಪಕ್ಕ. ಮೈಕಿಗೆ ಆನಿಸಿ. ಅಂದರೆ ಅದು ಉಸುರಿದ್ದೆಲ್ಲ ನಾಲ್ಕು ಹಾರ್ನುಗಳಲ್ಲಿ ನಾಲ್ಕು ಕ್ರಾಸಿಗೂ ಕೇಳಬೇಕು.

ಡಬ್ಬಿ ಇಲ್ಲಿ, ಅಂಗಡಿ ಅಲ್ಲಿ. ಅಂಗಡಿಯಲ್ಲಿ ಅವರ ಮನೆಯವರು ವ್ಯಾಪಾರ ನಡೆಸಿಯೇ ಇದ್ದರು. ಎರಡೂ ಕಡೆ ಅದೇ ಚೀಟಿ, ಅದೇ ಖಾತೆ. ಹಾಗಾಗಿ ಹಬ್ಬದ ಮೊದಲ ಸಂಜೆಯಿಂದಲೇ ನಮಗೆ ಹೀಗೆ ಕೇಳತೊಡಗಿತು: "ಹದಿನೆಂಟು ರೂಪಾಯಿ ಸ್ವೀಕರಿಸಲಾಗಿದೆ." ಕೂಡಲೇ ಖಜಾಂಚಿಗಳು, "ಹದಿನೆಂಟು ರೂಪಾಯಿ ಕಾಣಿಕೆ ನೀಡಿದ ಭಕ್ತ ಮಹಾಶಯರಿಗೆ ವಿಘ್ನೇಶ್ವರನು ಆಯುರಾರೋಗ್ಯ ಕೊಟ್ಟು ಕಾಪಾಡಲಿ!" ಆ ಭಕ್ತ ಮಹಾಶಯ ಬಟ್ಟೆ ಸೋಪು ತಗೊಂಡು ಮನೆಗೆ ಹೋಗುತ್ತಿರುತ್ತಿದ್ದ. "ಏಳು ರೂಪಾಯಿ ಸ್ವೀಕರಿಸಲಾಗಿದೆ." ಅದು ಸಾಸಿವೆ. ಅದಕ್ಕೂ ಆಯುರಾರೋಗ್ಯ.

ಇದಕ್ಕಿಂತ ಚೆಂದದ್ದು ಇನ್ನೊಂದಿದೆ. ಅಂಗಡಿಯಲ್ಲಿ ಡಬ್ಬಿ ಇಲ್ಲದ್ದರಿಂದ ದುಡ್ಡು ಬಂತೋ ಇಲ್ಲವೋ ಅಂತ ಅವರ ಮನೆಯವರಿಗೆ ಗೊತ್ತಾಗುತ್ತಿರಲಿಲ್ಲ. ನಾನೇ ಕಣ್ಣಾರೆ ಕಂಡೆ. ಕಾಲು ಕೆಜಿ ರವೆ ಕಟ್ಟಿ ಕೈಯಲ್ಲಿ ಹಿಡಿದು, ಅಂಗಡಿಯಿಂದ ಹೊರಗೆ ಕತ್ತು ಚಾಚಿ, ಹಾರ್ನಿನ ಕಡೆ ಕಿವಿ ಕೊಟ್ಟು ನಿಂತಿದ್ದಾರೆ. ಗಿರಾಕಿಯೂ ನಿಂತಿದ್ದಾನೆ. ಪೆಂಡಾಲಿನಲ್ಲಿ ಆರತಿ ನಡೆಯುತ್ತಿದೆ. ಗಂಟೆ, ಜಾಗಟೆ, ಅದರ ನಡುವೆ "ಹದಿನಾಲ್ಕು ರೂಪಾಯಿ." ಆಗ ರವೆ ಕೈ ಬದಲಾಯಿಸಿತು. ಅವರು ಹಾಗೆಯೇ ಗಣಪ್ಪನ ದಿಕ್ಕಿಗೆ ಕೈ ಮುಗಿದು ಒಳಗೆ ಹೋದರು.

ಇಷ್ಟೆಲ್ಲ ನೋಡಿ ನಕ್ಕವನು ನಾನು. ನಕ್ಕವನಿಗೆ ಬುದ್ಧಿ ಇರಬೇಕಾಗಿತ್ತು. ಇರಲಿಲ್ಲ.

ಮೂರನೇ ದಿನ ರಾತ್ರಿ ಒಂಬತ್ತೂವರೆ. ಎಲ್ಲರೂ ಚಿತ್ರಾನ್ನದ ಸಾಲಿನಲ್ಲಿದ್ದರು. ಖಜಾಂಚಿಗಳೂ ಎಲೆ ಹಿಡಿದು ನಿಂತಿದ್ದರು. ಇದೇ ಹೊತ್ತು ಅಂತ ಕಂಬದ ಮರೆಗೆ ಹೋದೆ. ಸ್ಕ್ಯಾನ್ ಮಾಡಿದೆ. 251 ಒತ್ತಿದೆ.

ಆ ಕ್ಷಣಕ್ಕೆ ಸರಿಯಾಗಿ ಹಾಡು ನಿಂತಿತು.

"ಇನ್ನೂರ ಐವತ್ತೊಂದು ರೂಪಾಯಿ ಸ್ವೀಕರಿಸಲಾಗಿದೆ."

ಹಿಂದೆಲ್ಲ ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದರೆ ಇಡೀ ಊರು ಒಂದೇ ಸಲಕ್ಕೆ ನಿಂತುಬಿಡುತ್ತಿತ್ತು, ನೆನಪಿದೆಯಾ? ಹಾಗೆ ನಿಂತಿತು ಚಿತ್ರಾನ್ನದ ಸಾಲು. ಸೋಪಿನ ಬೆಲೆಯಲ್ಲ, ಸಾಸಿವೆಯದೂ ಅಲ್ಲ. ಬಾಲಕ್ಕೆ ಒಂದು ಇದೆ. ಇದು ಪಟ್ಟಿಯೇ. ಯಾರದು? ಖಜಾಂಚಿಗಳು ಎಲೆ ಕೆಳಗಿಟ್ಟು, ಎಡಗೈಯಲ್ಲಿ ಫೋನು ತೆಗೆದು, ಕನ್ನಡಕ ಏರಿಸಿ ಹೆಸರು ನೋಡಿದರು. ಮೈಕಿಗೆ ಬಂದರು. "ಎರಡನೇ ಕ್ರಾಸಿನ ಹಸಿರು ಗೇಟಿನ..." ಅಂತ ನನ್ನ ಹೆಸರು ಹೇಳಿ, 'ಅವರು' ಸೇರಿಸಿ, ಒಂದು ಗುಟುಕು ತಡೆದು ಮುಂದುವರಿಸಿದರು: "ಹೋದ ವರ್ಷ ಐನೂರ ಒಂದು ಕೊಟ್ಟಿದ್ದರು. ಪರವಾಗಿಲ್ಲ. ಕಷ್ಟಸುಖ ಎಲ್ಲರಿಗೂ ಇರುತ್ತವೆ."

ಆ 'ಪರವಾಗಿಲ್ಲ' ಇದೆಯಲ್ಲ, ಅದನ್ನು ಬೈಗುಳವಾಗಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾದ ಕನಿಕರದಿಂದ ಹೇಳಿದರು.

ಮರ್ಯಾದೆ ಪ್ರಶ್ನೆ. ಅಲ್ಲೇ ಕಂಬದ ಮರೆಯಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮಾಡಿದೆ. 750. ಸೇರಿಸಿದರೆ ಸರಿಯಾಗಿ 1,001, 'ಮಾನ್ಯ'. ಫೋನಿನಲ್ಲಿ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ನೆಟ್‌ವರ್ಕ್ ಇಲ್ಲ. ಆ ಕಡೆ ಜನ ಸಾಲಿನಿಂದ ಕತ್ತು ಚಾಚಿ ಕಂಬದ ಹಿಂದೆ ಇಣುಕುತ್ತಿದ್ದಾರೆ. ಬೆವರಿದ ಬೆರಳಲ್ಲಿ ಅದನ್ನು ಮುಚ್ಚಿ ಮತ್ತೊಮ್ಮೆ 750 ಒತ್ತಿದೆ. ಡಬ್ಬಿ ಸುಮ್ಮನೆ. ಇನ್ನು ಇಲ್ಲಿರುವುದು ಬೇಡ ಅಂತ ಮನೆ ಕಡೆ ಹೊರಟೆ. ಗೇಟಿನ ಚಿಲಕಕ್ಕೆ ಕೈ ಹಾಕಿದ್ದೆ ಅಷ್ಟೇ.

"ಏಳುನೂರ ಐವತ್ತು ರೂಪಾಯಿ ಸ್ವೀಕರಿಸಲಾಗಿದೆ. ಏಳುನೂರ ಐವತ್ತು ರೂಪಾಯಿ ಸ್ವೀಕರಿಸಲಾಗಿದೆ."

ಹಿಂದೆಯೇ ಖಜಾಂಚಿಗಳ ದನಿ, ನಾಲ್ಕು ಹಾರ್ನಿನಲ್ಲಿ: "ಹಸಿರು ಗೇಟಿನ ಅದೇ ಮಾನ್ಯರು ಇದೀಗ ತಮ್ಮ ಎರಡನೇ ಮತ್ತು ಮೂರನೇ ಕಂತನ್ನು ಕಟ್ಟಿರುತ್ತಾರೆ!"

ಚಿತ್ರಾನ್ನದ ಸಾಲಿನಿಂದ ಚಪ್ಪಾಳೆ.

ಮನೆಯೊಳಗೆ ಹೋದರೆ ಹೆಂಡತಿ ಹಾಲ್‌ನಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. "ರೀ, ಸಾವಿರದ ಏಳುನೂರ ಐವತ್ತೊಂದು" ಅಂದಳು. ಕೂಡಿಸಿ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಹೋಗಿ ಖಜಾಂಚಿಗಳ ಹತ್ತಿರ ಒಂದು 750 ತಪ್ಪಾಗಿ ಬಂದಿದೆ ಅಂತ ಮೆತ್ತಗೆ ಹೇಳಿದೆ. ಅಂಗಡಿಯಲ್ಲಿದ್ದರು, ಹಾಗಾಗಿ ಮಾತಿಲ್ಲ. ಗಣಪ್ಪನ ಕ್ಯಾಲೆಂಡರಿನ ಕಡೆ ಬೆರಳು ತೋರಿಸಿದರು. ಪಕ್ಕದಲ್ಲಿದ್ದ ಹುಡುಗ ಅರ್ಥ ಬಿಡಿಸಿ ಹೇಳಿದ: "ಅವನ ಹೊಟ್ಟೆಗೆ ಹೋಗಿದ್ದು ವಾಪಸ್ ಬರ್ತೈತೇನ್ರಿ ಸಾರ್?"

ಘಟನೆ ನಡೆದ ರಾತ್ರಿ ನಿದ್ದೆ ಬರಲಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45, ಹತ್ತರ ಮೇಲೆ ಧ್ವನಿವರ್ಧಕ ಕೂಡದು ಅಂತ ಕಾನೂನಿದೆ. ಅವತ್ತು ಹತ್ತಕ್ಕೆ ಸರಿಯಾಗಿ ಮೈಕ್ ನಿಲ್ಲಿಸಿದ್ದರು. ನಿದ್ದೆ ಬಾರದ್ದಕ್ಕೆ ಸದ್ದಿನ ನೆಪವೂ ಇರಲಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ಗಣಪತಿಗೆ ಪಟ್ಟಿ ಎತ್ತಲು ಒಂದು ಡಾಲ್ಡಾ ಡಬ್ಬಿ ಇತ್ತು. ಮುಚ್ಚಳದಲ್ಲಿ ಚಾಕುವಿನಿಂದ ಕೊರೆದ ಸೀಳು, ಅದರ ಅಂಚಿಗೆ ಬೆರಳು ತಾಗಿದರೆ ರಕ್ತ. ಓಣಿಯ ಮುಕ್ಕಾಲು ಜನ ಕಾಟನ್ ಮಿಲ್ಲಿನವರು, ಅಪ್ಪನೂ ಅಲ್ಲೇ. ಪಗಾರದ ಮರುದಿನ ಹೊರಟರೆ ಡಬ್ಬಿ ತುಂಬುತ್ತಿತ್ತು. ಆಮೇಲೆ ಮಿಲ್ಲುಗಳು ಒಂದೊಂದೇ ಮುಚ್ಚಿದವು. ಅಪ್ಪನ ಮಿಲ್ಲಿನ ಬಾಗಿಲು ಹಾಕಿದ ವರ್ಷವೂ ಗಣಪತಿ ಬಂತು. ಡಬ್ಬಿ ಹಿಡಿಯುವ ಸರದಿ ನನ್ನದು. ನಮ್ಮ ಮನೆ ಬಾಗಿಲಿಗೂ ಹೋದೆವು. ಅಪ್ಪ ಹೊರಗೆ ಬಂದರು. ಮುಷ್ಟಿ ಬಿಗಿ ಹಿಡಿದು ಸೀಳಿನ ಮೇಲೆ ಇಟ್ಟರು, ಆಮೇಲೆ ಕೈ ಬಿಚ್ಚಿ ಒಳಗೆ ಹೋದರು. ಸದ್ದು ಬರಲಿಲ್ಲ. ನೋಟು ಹಾಕಿದರೂ ಸದ್ದು ಬರುವುದಿಲ್ಲ, ಏನೂ ಹಾಕದಿದ್ದರೂ ಬರುವುದಿಲ್ಲ. ಡಬ್ಬಿ ನನ್ನ ಕೈಯಲ್ಲೇ ಇತ್ತು, ಆದರೂ ನನಗೆ ಇವತ್ತಿಗೂ ಗೊತ್ತಿಲ್ಲ. ಉಳಿದ ಹುಡುಗರು "ಮುಂದಿನ ಮನೆ ನಡೀರ್ಲೇ" ಅಂದರು, ಹೋದೆವು.

ಇರಲಿ. ಗಣಪತಿ ಹೋದ. ಅವನ ಕೈಯ ಲಾಡನ್ನು ಹರಾಜಿನಲ್ಲಿ ಬಡವರ ಬಂಧುಗಳೇ ಹಿಡಿದರು. ಮಂಡಕ್ಕಿಯ ಲೆಕ್ಕ ಇನ್ನೂ ಹೊರಬಂದಿಲ್ಲ.

ನಿನ್ನೆ ಸಂಜೆ ಗೇಟು ಸದ್ದಾಯಿತು. ಅದೇ ಹುಡುಗರು. ಕೊರಳಿಗೆ ಈಗ ಹಳದಿ ಕೆಂಪು ಶಾಲು. "ಸಾರ್, ರಾಜ್ಯೋತ್ಸವ." ಇನ್ನೂ ದಸರಾ ಆಗಿಲ್ಲವಲ್ಲೋ ಅಂದೆ. "ಅದಕ್ಕೆ ಬೇರೆ ಟೀಮ್ ಬರ್ತೈತ್ರಿ" ಅಂದರು. ಒಬ್ಬ ಕಂಕುಳಿನಿಂದ ಏನೋ ತೆಗೆದು ಗೇಟಿನ ಕಟ್ಟೆಯ ಮೇಲೆ ಇಟ್ಟ. ಡಬ್ಬಿ. "ನೀವು ಕಂಬದ ಹಿಂದೆ ಹೋಗೋದು ಬ್ಯಾಡ ಅಂತ ಮನೆ ಬಾಗಿಲಿಗೇ ತಂದೀವಿ ಸಾರ್."

ಬೀದಿಯಲ್ಲಿ ಅತ್ತ ಇತ್ತ ನೋಡಿದೆ. ಯಾರೂ ಇರಲಿಲ್ಲ. ಎಡಗೈಯನ್ನು ಡಬ್ಬಿಯ ತೂತುಗಳ ಮೇಲೆ ಬಿಗಿಯಾಗಿ ಒತ್ತಿ ಹಿಡಿದು, ಬಲಗೈಯಲ್ಲಿ ಒತ್ತಿದೆ. ಅಂಗೈಯೊಳಗೆ ಅದು ಗುರ್ರ್ ಅಂತ ನಡುಗಿತು. ಮಾತು ಹೊರಗೆ ಬರಲಿಲ್ಲ.

ಎದುರು ಮನೆಯ ಮಹಡಿಯಿಂದ ಅಜ್ಜಿ ಬಗ್ಗಿ ಕೇಳಿದರು: "ಎಷ್ಟಂತಪ್ಪಾ?"